ಡಾಂಬರು ಬಿಟ್ಟಿಳಿಯದ ಜೀಪು

ನಿವೃತ್ತಿಯಾಗಿ ನಾಲ್ಕು ತಿಂಗಳಾದರೂ ಕಲ್ಲಿನಾಥನ ಬಲಗಾಲಿಗೆ ಆ ಸುದ್ದಿ ಮುಟ್ಟಿರಲಿಲ್ಲ. ಊಟಕ್ಕೆ ಕೂತಾಗ ಅದು ತಾಟಿನ ಬದಿಗೆ ನೆಲ ಒತ್ತುತ್ತಿತ್ತು. ಮಲಗಿದಾಗ ಚಾದರದೊಳಗೆ ಬ್ರೇಕು ಹುಡುಕುತ್ತಿತ್ತು. ಕಟ್ಟೆಯ ಮೇಲೆ ಯಾರೊಂದಿಗಾದರೂ ಮಾತಿಗೆ ಕೂತರೆ, ಎದುರಿನವನ ಮಾತು ಮುಗಿಯುವ ಮೊದಲೇ 'ಹೊತ್ತಾತು, ನಡಿ' ಅಂತ ಕುಣಿಯತೊಡಗುತ್ತಿತ್ತು. ಹೆಂಡತಿ ಗುರುಬಾಯಿ ಒಂದೆರಡು ಸಲ ಆ ಮೊಣಕಾಲಿನ ಮೇಲೆ ಕೈಯಿಟ್ಟು ಒತ್ತಿ ಹಿಡಿದದ್ದೂ ಉಂಟು. ಆಗ ಎಡಗಾಲು ಶುರು ಮಾಡುತ್ತಿತ್ತು. ಅದು ಕ್ಲಚ್ಚಿನ ಕಾಲು.

ಅಫಜಲಪುರದಿಂದ ಆಳಂದ, ಆಳಂದದಿಂದ ಅಫಜಲಪುರ. ಮೂವತ್ತೊಂದು ವರ್ಷ ಅವನು ಸರಕಾರಿ ಬಸ್ಸನ್ನು ಆ ಒಂದೇ ರಸ್ತೆಯ ಮೇಲೆ ಓಡಿಸಿದವನು. ಬೆಳಿಗ್ಗೆ ಆರೂಕಾಲಿಗೆ ಮೊದಲ ಟ್ರಿಪ್ಪು. ನಡುವೆ ಇಪ್ಪತ್ಮೂರು ಸ್ಟಾಪು. ಅಪಘಾತ ಮಾಡದ ಚಾಲಕ ಅಂತ ಒಂದು ಬೆಳ್ಳಿ ಪದಕ ಬಂದಿತ್ತು. ಅದನ್ನು ಅವನು ಟಿವಿಯ ಮೇಲೆ, ಕೂತವರ ಕಣ್ಣಿಗೆ ಬೀಳುವ ಹಾಗೆ ತೂಗುಹಾಕಿದ್ದ. ಸುದ್ದಿ ನೋಡಬೇಕಾದರೆ ಪದಕವನ್ನು ದಾಟಿಯೇ ನೋಡಬೇಕು. "ಮೂವತ್ತೊಂದು ವರ್ಷದಾಗ ನನ್ನ ಗಾಲಿಗಿ ಒಂದು ಕೋಳಿ ಸತ್ತಿಲ್ಲ" ಎನ್ನುವುದು ಅವನ ಮಾತು. ಒಂದು ಕೋಳಿ ಸತ್ತಿತ್ತು. ಆದರೆ ಅದು ಮನೆಯಲ್ಲಿ ಜಗಳಾಡಿಕೊಂಡು ಸಾಯಲಿಕ್ಕೆಂದೇ ಬಂದ ಕೋಳಿ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ಅವನ ವಾದ.

ಇಂಥವನು ನಿವೃತ್ತಿಯ ದುಡ್ಡಿನಲ್ಲಿ ಮನೆಯ ಮೇಲೆ ಇನ್ನೊಂದು ಅಂತಸ್ತು ಕಟ್ಟಿಸುತ್ತಾನೆ ಎಂದು ಓಣಿಯವರು ಅಂದುಕೊಂಡಿದ್ದರು. ಅವನು ಕಲಬುರಗಿಗೆ ಹೋಗಿ ಒಂದು ಹಳೆಯ ಜೀಪು ತಂದ. ಸಾದಾ ಜೀಪಲ್ಲ, ನಾಲ್ಕೂ ಗಾಲಿ ಎಳೆಯುವಂಥದ್ದು. ಸಾಗವಾನಿ ಎಲೆಯ ಬಣ್ಣ, ಎದೆಮಟ್ಟದ ಮೂತಿ, ಹಿಂಬದಿಗೆ ಬೆನ್ನಿಗೆ ಕೂಸು ಕಟ್ಟಿಕೊಂಡಂತೆ ಒಂದು ಹೆಚ್ಚಿನ ಗಾಲಿ.

ಯಾಕೆ ತಂದ ಎನ್ನುವುದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನಗುತ್ತಾರೆ. ಬಸ್ಸಿನ ಕನ್ನಡಿಯ ವಿಷಯ ಅದು. ಪ್ರತಿ ಕ್ರಾಸಿನಲ್ಲಿ ಯಾರೋ ಇಳಿಯುತ್ತಾರೆ. ಗಂಟು ತಲೆಗೆ ಏರಿಸುತ್ತಾರೆ. ಕರಿ ಮಣ್ಣಿನ ಎರಿ ಹೊಲದ ನಡುವಿನ ಬಂಡಿ ದಾರಿಗೆ ತಿರುಗುತ್ತಾರೆ. ಕಂಡಕ್ಟರ್ ಅಜೀಮ ಎರಡು ಸೀಟಿ ಊದುತ್ತಾನೆ, ಬಸ್ಸು ಹೊರಡುತ್ತದೆ, ಕನ್ನಡಿಯಲ್ಲಿ ಅವರ ಬೆನ್ನು ಎರಡು ಸೆಕೆಂಡು ಕಾಣುತ್ತದೆ, ಆಮೇಲೆ ಧೂಳು. ಮೂವತ್ತೊಂದು ವರ್ಷ ಅವನು ಜನರ ಬೆನ್ನನ್ನು ಎರಡೆರಡು ಸೆಕೆಂಡು ನೋಡಿದ್ದ. ಒಮ್ಮೆ ತಡೆಯಲಾರದೆ ಕೇಳಿಯೂ ಬಿಟ್ಟಿದ್ದ: "ಅಜೀಮ, ಇವ್ರೆಲ್ಲ ಎಲ್ಲಿ ಹೋಗ್ತಾರೋ?"

"ಮನಿಗಿ ಹೋಗ್ತಾರ ಕಾಕಾ. ನೀವ್ ನಡೀರಿ, ಐದು ಮಿನಿಟ ಲೇಟ್ ಆಗೇದ" ಅಂದಿದ್ದ ಅಜೀಮ.

ಆ ಉತ್ತರ ಅವನಿಗೆ ಸಾಲದೆ ಹೋಯಿತು.

ಜೀಪಿನೊಂದಿಗೆ ಬಂದ ಇಂಗ್ಲಿಷ್ ಪುಸ್ತಕವನ್ನು ಓಣಿಯ ಶಾಲಾ ಮೇಡಮ್ ವಿದ್ಯಾವತಿಯಿಂದ ಓದಿಸಿ, ಎರಡು ವಾರದಲ್ಲಿ ಬಾಯಿಪಾಠ ಮಾಡಿದ. ಬಸ್ ಸ್ಟ್ಯಾಂಡಿನ ಎದುರು ಲಾಲಸಾಬನ ಚಹಾದ ಅಂಗಡಿಯಲ್ಲಿ ದಿನವೂ ಅದರ ಪಾರಾಯಣ. ಪುಸ್ತಕದ ಅಳತೆಗಳನ್ನು ಅವನು ಊರ ಅಳತೆಗೆ ತಿರುಗಿಸಿಕೊಂಡಿದ್ದ. ಹೊಟ್ಟೆಯ ಕೆಳಗೆ ಬರೋಬರಿ ಒಂದು ಗೇಣು, "ಕೋಳಿ ತಲಿ ಎತ್ತಿಕೊಂಡ ದಾಟತದ." ನೀರಾದರೆ ಒಂದೂವರೆ ಮೊಳಕ್ಕೆ ನಾಲ್ಕು ಬೆರಳು ಕಡಿಮೆ, ಅಲ್ಲಿಯವರೆಗೆ ಎಂಜಿನ್ನಿಗೆ ಏನೂ ಆಗುವುದಿಲ್ಲ. ಮೂತಿಯ ಕೆಳಗೆ ಎಷ್ಟು ಜಾಗ ಬಿಟ್ಟಿದ್ದಾರೆಂದರೆ ಗುಡಿಯ ಮೆಟ್ಟಿಲಿಗೆ ಗಾಲಿ ಹಚ್ಚಬಹುದು. ಎಲ್ಲಕ್ಕಿಂತ ಹೆಚ್ಚಿನದೆಂದರೆ ದೊಡ್ಡ ಗೇರಿನ ಪಕ್ಕದ ಗಿಡ್ಡ ಗೇರು. ಅದು ಮೇಲಿದ್ದರೆ ಹಿಂದಿನ ಎರಡು ಗಾಲಿ ಮಾತ್ರ ದುಡಿಯುತ್ತವೆ. ನಡುವಿಗೆ ತಂದರೆ ನಾಲ್ಕೂ. ಪೂರ್ತಿ ಕೆಳಗೆ ಎಳೆದರೆ ನಾಲ್ಕಕ್ಕೂ ಗಾಣದೆತ್ತಿನ ಬಲ. ಹಿಮದ ಮೇಲೆ ಓಡಿಸುವುದು ಹೇಗೆ ಎಂಬ ಒಂದು ಅಧ್ಯಾಯವೂ ಆ ಪುಸ್ತಕದಲ್ಲಿತ್ತು. ಹಂಚಿನಂತೆ ಕಾಯುವ ಅಫಜಲಪುರದಲ್ಲಿ ಕೂತು ಅವನು ಅದನ್ನೂ ಎರಡು ಸಲ ಓದಿಸಿಕೊಂಡಿದ್ದ. ಕಾಲ ಹೇಳಲಿಕ್ಕೆ ಬರುವುದಿಲ್ಲ.

ಲಾಲಸಾಬ ಎಲ್ಲವನ್ನೂ ಕೇಳಿ, ಕಪ್ಪು ತೊಳೆಯುತ್ತ, ರಸ್ತೆಯಲ್ಲಿ ನಿಂತ ಜೀಪಿನ ಗಾಲಿಯನ್ನು ನೋಡಿದ.

"ಡ್ರೈವರ್ ಸಾಬ್, ಇಷ್ಟೆಲ್ಲಾ ಮಾಡ್ತದ ಅಂತೀರಿ. ಗಾಲಿಗಿ ಒಂದು ಚಿಟಿಕಿ ಮಣ್ಣ ಹತ್ತಿಲ್ಲಲ್ರಿ?"

ಅಂಗಡಿಯಲ್ಲಿದ್ದವರೆಲ್ಲ ಗಾಲಿ ನೋಡಿದರು. ಹೊಸ ಮದುಮಗನ ಬೂಟಿನ ಹಾಗೆ ಹೊಳೆಯುತ್ತಿತ್ತು.

"ತೊಳದೀನಿ" ಅಂದ ಕಲ್ಲಿನಾಥ.

ತೊಳೆದಿರಲಿಲ್ಲ. ಖರೇ ಹೇಳಬೇಕೆಂದರೆ, ಎರಡೂವರೆ ತಿಂಗಳಲ್ಲಿ ಆ ಜೀಪು ಒಮ್ಮೆಯೂ ಡಾಂಬರು ಬಿಟ್ಟು ಇಳಿದಿರಲಿಲ್ಲ. ಕಲ್ಲಿನಾಥ ನಸುಕಿನಲ್ಲಿ ಎದ್ದು, ಇವತ್ತು ಇಳಿಸಿಯೇ ಬಿಡುವುದು ಅಂತ ಸಂಕಲ್ಪ ಮಾಡಿ ಜೀಪು ಹತ್ತುತ್ತಿದ್ದ. ಗಡಿಯಾರ ಆರೂಕಾಲು ತೋರಿಸುತ್ತಿತ್ತು. ಕೈ ತಾನಾಗಿ ಸ್ಟೇರಿಂಗನ್ನು ಆಳಂದದ ಕಡೆಗೆ ತಿರುಗಿಸುತ್ತಿತ್ತು. ಮೊದಲ ಸ್ಟಾಪು ಬರುತ್ತಲೇ ಬಲಗಾಲು ಬ್ರೇಕು ಒತ್ತುತ್ತಿತ್ತು. ಅಲ್ಲಿ ನಿಂತವರು ಮೂವತ್ತೊಂದು ವರ್ಷದಿಂದ ನೋಡಿದ ಮುಖ ನೋಡಿ, ಗಾಡಿ ಯಾವುದು ಅಂತ ನೋಡದೆ ಹತ್ತಿಬಿಡುತ್ತಿದ್ದರು. ಜಿಡಗಾ ಮಠಕ್ಕೆ ಹೋಗುವವರು, ಕೋರ್ಟು ಕಚೇರಿಗೆ ಹೋಗುವವರು, ಬುಟ್ಟಿ, ಚೀಲ. ಹೆಂಗಸರು ಕೂತ ಕೂಡಲೇ ಸೊಂಟದ ಚೀಲದಿಂದ ಆಧಾರ್ ಕಾರ್ಡು ತೆಗೆದು ತೋರಿಸುತ್ತಿದ್ದರು. ಬಸ್ಸಿನಲ್ಲಿ ಅವರಿಗೆ ಟಿಕೀಟಿಲ್ಲ ನೋಡಿ, ಅದೇ ರೂಢಿ. ಕಲ್ಲಿನಾಥನೂ ಕನ್ನಡಿಯಲ್ಲಿ ಕಾರ್ಡು ನೋಡಿ ತಲೆಯಾಡಿಸುತ್ತಿದ್ದ. ಬೇಡ ಎನ್ನಲಿಕ್ಕೆ ಬಾಯಿ ಬರುತ್ತಿರಲಿಲ್ಲ. ಮಧ್ಯಾಹ್ನ ಒಂದಕ್ಕೆ ವಾಪಸು ಬಂದು ಜೀಪು ನಿಲ್ಲಿಸಿದಾಗ, ಬಸ್ಸು ಡಿಪೋಕ್ಕೆ ಬಿಟ್ಟ ದಿನದ ಅದೇ ದಣಿವು ಇರುತ್ತಿತ್ತು. ಪಗಾರ ಮಾತ್ರ ಇರುತ್ತಿರಲಿಲ್ಲ.

ಇನ್ನೊಂದು ವಿಚಿತ್ರ ಗುರುಬಾಯಿ ಅಡುಗೆಮನೆಯ ಕಿಟಕಿಯಿಂದ ನೋಡಿದ್ದಳು. ಗಂಡ ಜೀಪು ಚಾಲೂ ಮಾಡಿ, ಗೇರು ಹಾಕಿ, ಹಾಗೇ ಕೂತಿರುತ್ತಿದ್ದ. ಏನನ್ನೋ ಕೇಳಿಸಿಕೊಳ್ಳುವವನ ಹಾಗೆ ಕಿವಿ ಹಿಂದಕ್ಕೆ ಕೊಟ್ಟು. ಅರ್ಧ ಮಿನಿಟು ಆದ ಮೇಲೆ, ಕಳ್ಳತನ ಮಾಡುವವನ ಮುಖದಲ್ಲಿ, ಗಾಡಿ ಎತ್ತುತ್ತಿದ್ದ. ಅಜೀಮನ ಎರಡು ಸೀಟಿ, ಅದರ ಬೆನ್ನಿಗೆ 'ರೈಟ್ ರೈಟ್' ಎಂಬ ಕೂಗು ಇಲ್ಲದೆ ಅವನು ಜೀವಮಾನದಲ್ಲಿ ಗಾಡಿ ಎತ್ತಿದವನೇ ಅಲ್ಲ. ಅದು ಅವನಿಗೇ ಗೊತ್ತಿರಲಿಲ್ಲ. ಗುರುಬಾಯಿಗೆ ಎರಡನೆಯ ದಿನವೇ ಗೊತ್ತಾಗಿತ್ತು. ಅವಳು ಹೇಳಲಿಲ್ಲ. ಅವಳಿಗೆ ಬೇರೆ ಸಿಟ್ಟಿತ್ತು.

ಆ ಸಿಟ್ಟು ಒಂದು ಸಂಜೆ ರೊಟ್ಟಿ ಬಡಿಯುವಾಗ ಹೊರಗೆ ಬಂತು.

"ಏನ್ರೀ, ಒಂದು ಕೇಳ್ತೀನಿ. ಆ ಗಾಡಿ ತರೋ ಮುಂದ ಏನ್ ಅಂದಿದ್ರಿ?"

"ಏನ್ ಅಂದಿದ್ದೆ?"

"'ರಸ್ತಾ ಇಲ್ಲದ ಕಡಿ ಕರ್ಕೊಂಡ ಹೋಗ್ತೇನಿ' ಅಂದಿದ್ರಿ. ರಸ್ತಾ ಇದ್ದ ಕಡಿಗೇ ನೀವು ನನ್ನ ಕರ್ಕೊಂಡ ಹೋಗಿಲ್ಲ. ಈಗ ನಾಲ್ಕು ಗಾಲಿ ಎಳಿಯೋ ಗಾಡಿ ತಂದು ಮತ್ತ ಅದೇ ಆಳಂದ, ಅದೇ ಆರೂಕಾಲು. ಇದಕ್ಕ ಬಸ್ಸೇ ಛಲೋ ಇತ್ತಲ್ರೀ."

"ನೀ ಒಂದು ದಿನಾರೆ ಅದರಾಗ ಕೂತೀಯೇನು? ಕೂತರ ಗೊತ್ತಾಗ್ತದ."

"ಡಾಂಬರ ರಸ್ತಾ ನಾ ಬಸ್ಸಿನಾಗ ನೋಡೀನಿ." ಅವಳು ರೊಟ್ಟಿ ತಿರುವಿ ಹಾಕಿದಳು. "ಮಹಾನವಮಿ ಅಮಾಸಿ ತನಕ ವಾಯಿದೆ. ಅಷ್ಟರಾಗ ಗಾಡಿ ಒಮ್ಮೆರೆ ಡಾಂಬರ ಬಿಟ್ಟು ಇಳೀಲಿ. ಇಳೀತಂದ್ರ ಜೀವ ಇರೋತನಕ ಮಾರ್ರಿ ಅನ್ನಂಗಿಲ್ಲ. ಇಳೀಲಿಲ್ಲಂದ್ರ ಗಿರಾಕಿ ನಾ ತರ್ತೀನಿ."

ಕಲ್ಲಿನಾಥ ನಕ್ಕ. ಒಮ್ಮೆ ಇಳಿಸುವುದು ಏನು ದೊಡ್ಡ ಮಾತು?

ಮರುದಿನ ಮೊದಲ ಪ್ರಯತ್ನ. ರಸ್ತೆಯ ಅಂಚಿಗೆ ಹೋಗಿ, ಮುಂದಿನ ಗಾಲಿಯನ್ನು ಡಾಂಬರಿನ ತುದಿಗೆ ತಂದು ನಿಲ್ಲಿಸಿದ. ಆಚೆ ಇದ್ದದ್ದು ಒಂದು ಗೇಣು ಕೆಳಗೆ ಬರೀ ಹುಲ್ಲು. ಮೂವತ್ತೊಂದು ವರ್ಷದ ಎಚ್ಚರಿಕೆಗಳೆಲ್ಲ ಒಮ್ಮೆಗೇ ಕಿವಿಯಲ್ಲಿ ಕೂಗಿದವು. ಡಾಂಬರು ಬಿಟ್ಟಿಳಿದ ಬಸ್ಸಿಗೆ ರಿಪೋರ್ಟು ಬರೆಯಬೇಕು. ಡಿಪೋ ಮ್ಯಾನೇಜರ ಕರೆಯುತ್ತಾನೆ. ಪದಕ ಹೋಗುತ್ತದೆ. ಕಾಲು ಬ್ರೇಕಿನಿಂದ ಏಳಲಿಲ್ಲ. ಮನೆಗೆ ಬಂದು, "ಗಾಳಿ ಜರಾ ಹೆಚ್ಚದ ಟಾಯರದಾಗ" ಅಂದ. ಎರಡನೆಯ ಸಲ ಹುಟ್ಟೂರು ಕಿಣ್ಣಿ ಸುಲ್ತಾನಕ್ಕೆ ಹೋದ. ಅಣ್ಣತಮ್ಮಂದಿರ ಹೊಲದ ದಾರಿಯಾದರೆ ಯಾರು ಕೇಳುತ್ತಾರೆ? ಅಲ್ಲಿ ತೊಗರಿ ಎದೆಮಟ್ಟ ಬೆಳೆದಿತ್ತು. "ಬೆಳಿ ಹಾಳಾಗ್ತದ" ಅಂದುಕೊಂಡು ತಿರುಗಿ ಬಂದ. ಅವನು ಇಳಿಯಬೇಕಾಗಿದ್ದದ್ದು ತೊಗರಿಯಲ್ಲಿ ಅಲ್ಲ, ಅದರ ಪಕ್ಕದ ಎಂಟು ಅಡಿಯ ಬಂಡಿ ದಾರಿಯಲ್ಲಿ. ಆಮೇಲೆ ನಾಲ್ಕು ದಿನ ಜಿಟಿಜಿಟಿ ಮಳೆ ಹಿಡಿಯಿತು. ಗಿಡ್ಡ ಗೇರಿನ ಗಾಡಿಗೆ ಮಳೆಯೆಂದರೆ ಹಬ್ಬ ಎಂದು ಲಾಲಸಾಬನ ಅಂಗಡಿಯಲ್ಲಿ ಹೇಳಿಕೊಂಡವನು ಅವನೇ. ಆ ನಾಲ್ಕು ದಿನ ಜೀಪಿಗೆ ತಾಡಪತ್ರಿ ಹೊದಿಸಿ, ಕಟ್ಟೆಯ ಮೇಲೆ ಕೂತು ಕಾಲು ಕುಣಿಸಿದ.

ಅಮಾವಾಸ್ಯೆ ಭಾನುವಾರ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಬಿಳಿ ಕಾರೊಂದು ಮನೆಯ ಮುಂದೆ ನಿಂತಿತು. ಅದರಿಂದ ಕಪ್ಪು ಕನ್ನಡಕ, ಬಿಳಿ ಬೂಟು, ಎದೆಗೆ ಅಡ್ಡವಾಗಿ ಒಂದು ಸಣ್ಣ ಚರ್ಮದ ಚೀಲ ಹಾಕಿಕೊಂಡ ತರುಣ ಇಳಿದ.

"ನಾ ಸಂತೋಷಕುಮಾರ್ರಿ, ಜೇವರ್ಗಿಯಿಂದ. ಕಾಕು ಫೋನ್ ಮಾಡಿದ್ರು. ಗಾಡಿ ನೋಡ್ಲಿಕ್ಕ ಬಂದೀನಿ."

ಕಲ್ಲಿನಾಥ ಹೆಂಡತಿಯ ಕಡೆ ತಿರುಗಿದ. "ವಾಯಿದೆ ನಾಳಿ ತನಕ ಅದ!"

"ಅಮಾಸಿ ದಿನ ಯಾರರೆ ವ್ಯವಹಾರ ಮಾಡ್ತಾರೇನ್ರೀ? ಅದಕ್ಕ ಇವತ್ತ ಕರ್ಸೀನಿ" ಅಂದಳು ಗುರುಬಾಯಿ, ಸೆರಗಿಗೆ ಕೈ ಒರೆಸುತ್ತ.

ಸಂತೋಷಕುಮಾರ ಜೀಪಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಜೇವರ್ಗಿ ರಸ್ತೆಗೆ ಹಚ್ಚಿ ಅವನದೊಂದು ಫಾರ್ಮ್‌ಹೌಸಿತ್ತು. ಗೇಟಿನ ಮುಂದೆ ಇಂಥದ್ದೊಂದು ನಿಂತರೆ ಕಳೆ ಬರುತ್ತದೆ ಎಂದು ಅವನ ಲೆಕ್ಕ. "ಫೋಟೋದಾಗ ಭಾರಿ ಬರ್ತದ ಕಾಕಾ. ವಿಡಿಯೋದಾಗ ಎಲ್ಲಾ ನೋಡೀನಿ, ಹೆಂಗ ಗುಡ್ಡ ಹತ್ತತಾವ, ಹೆಂಗ ಹಳ್ಳ ಹಾಯ್ತಾವ. ಆದ್ರ ಸಣ್ಣ ಗೇರು ಪೂರಾ ಕೆಳಗ ಎಳದು, ಫೋರ್ ಲೋ ಹಾಕಿ, ಕಚ್ಚಾ ರಸ್ತಾಕ್ಕ ಇಳಿಸಿ ತೋರಸಬೇಕ್ರಿ. ಆಮ್ಯಾಲ ಮಾತು."

ಕಲ್ಲಿನಾಥ ಕೀಲಿಕೈ ತೆಗೆದುಕೊಂಡ. ಇಳಿಸಿದರೆ ಗಾಡಿ ತನ್ನದು. ಇಳಿಸದಿದ್ದರೆ ಗಾಡಿ ಇವನ ಗೇಟಿನದು. ಮತ್ತೆ ಯಾವ ದಾರಿಯೂ ಉಳಿದಿರಲಿಲ್ಲ.

"ಸಾಕ್ಷಿಗಿ ನಾನೂ ಬರ್ತೀನಿ" ಅಂತ ಗುರುಬಾಯಿ ಹಿಂದಿನ ಸೀಟಿನಲ್ಲಿ ಕೂತಳು. ಜೀಪು ಬಂದ ಮೇಲೆ ಅವಳು ಅದರಲ್ಲಿ ಕೂತದ್ದು ಅದೇ ಮೊದಲು. ಸಂತೋಷಕುಮಾರ ಮುಂದೆ ಕೂತು ಫೋನು ಹಿಡಿದ.

ಕಲ್ಲಿನಾಥ ಗೇರು ಹಾಕಿ, ಅರ್ಧ ಮಿನಿಟು ಕಿವಿ ಹಿಂದಕ್ಕೆ ಕೊಟ್ಟು, ಆಮೇಲೆ ಎತ್ತಿದ. ಜೀಪು ಆಳಂದದ ಕಡೆಗೆ ತಿರುಗಿತು. ಮೊದಲ ಸ್ಟಾಪಿನಲ್ಲಿ ನಿಂತಿತು.

"ಯಾಕ ನಿಂದರಸಿದ್ರಿ?" ಅಂದ ಸಂತೋಷಕುಮಾರ.

"ಬ್ರೇಕ್ ಚೆಕ್ ಮಾಡಿದೆ."

ಎರಡನೆಯ ಸ್ಟಾಪಿನಲ್ಲೂ ಬ್ರೇಕು ಚೆಕ್ಕಾಯಿತು. ಮೂರನೆಯದು ಗಿರಣಿ ಸ್ಟಾಪು. ಅಲ್ಲಿ ಅರವತ್ತೈದರ ರೇವಮ್ಮ ಹಿಟ್ಟಿನ ಡಬ್ಬಿಯ ಮೇಲೆ ಕೂತಿದ್ದಳು. ಕಲ್ಲಿನಾಥನ ಮುಖ ಕಾಣುತ್ತಲೇ ಎದ್ದು, ಡಬ್ಬಿಯನ್ನು ಮೊದಲು ಒಳಗೆ ತಳ್ಳಿ, ಆಮೇಲೆ ತಾನು ಹತ್ತಿ ಗುರುಬಾಯಿಯ ಪಕ್ಕಕ್ಕೆ ಒತ್ತಿ ಕೂತಳು. ಎದುರಿಗೆ ಎದೆಗೆ ಅಡ್ಡವಾಗಿ ಚರ್ಮದ ಚೀಲ ಹಾಕಿಕೊಂಡವನೊಬ್ಬ ಕಂಡ. ಅವನ ಮೂಗಿಗೆ ಆಧಾರ್ ಕಾರ್ಡು ಹಿಡಿದಳು.

"ಕರಿಕಲ್ಲ ಕ್ರಾಸ್, ಒಂದು."

"ನಾ ಕಂಡಕ್ಟರ್ ಅಲ್ರಿ ಅಮ್ಮ!"

"ಹೊಸಬ ಏನಪಾ? ಆ ಅಜೀಮ ಎಲ್ಲಿ ಹೋದ? ಕರಿ ಚಸ್ಮಾ ಹಾಕ್ಕೊಂಡ್ರ ಕಾರ್ಡ್ ಹೆಂಗ ಕಾಣ್ತದ, ತಗೀ ಅದನ್ನ."

ಸಂತೋಷಕುಮಾರ ಯಾಕೋ ತೆಗೆದ. ಗುರುಬಾಯಿ ಸೆರಗು ಬಾಯಿಗೆ ಹಿಡಿದು ಕಿಟಕಿಯ ಕಡೆ ತಿರುಗಿದಳು.

ಒಂಬತ್ತನೆಯ ಸ್ಟಾಪು ಕರಿಕಲ್ಲ ಕ್ರಾಸು. ಅಲ್ಲಿ ಹೆಸರಿಗೊಂದು ಕರಿ ಕಲ್ಲು ಬಿಟ್ಟರೆ ಏನೂ ಇಲ್ಲ. ಎಡಕ್ಕೆ ತೊಗರಿಯ ನಡುವೆ ಒಂದು ಬಂಡಿ ದಾರಿ, ದೂರದಲ್ಲಿ ನಾಲ್ಕು ಬೇವಿನ ಗಿಡ. ಮಳೆ ನಿಂತು ಎರಡೇ ದಿನವಾಗಿತ್ತು. ದಾರಿ ಎಣ್ಣೆ ಹಚ್ಚಿದ ಎಮ್ಮೆಯ ಬೆನ್ನಿನ ಹಾಗೆ ಹೊಳೆಯುತ್ತಿತ್ತು. ರೇವಮ್ಮ ಇಳಿದಳು. ಡಬ್ಬಿ ಇಳಿಸಿಕೊಂಡಳು. ಸಿಂಬಿ ಸುತ್ತಿ ತಲೆಯ ಮೇಲಿಟ್ಟು, ಡಬ್ಬಿ ಏರಿಸಿ, ಒಂದು ಕೈಯಲ್ಲಿ ಚಪ್ಪಲಿ ಹಿಡಿದು ತಿರುಗಿದಳು. ಕಲ್ಲಿನಾಥನ ಕಣ್ಣು ರೂಢಿಯಂತೆ ಕನ್ನಡಿಗೆ ಹೋಯಿತು.

ಒಂದು ಸೆಕೆಂಡು. ಎರಡು ಸೆಕೆಂಡು.

ಮೂರನೆಯ ಸೆಕೆಂಡೂ ಅವಳು ಕಾಣುತ್ತಲೇ ಇದ್ದಳು. ಜೀಪು ನಿಂತೇ ಇತ್ತಲ್ಲ.

"ಏ ಯವ್ವಾ!" ಎಂದು ಕೂಗಿದ. "ತಿರುಗಿ ಬಾ. ಹತ್ತು. ಮನಿತನಕ ಬಿಡ್ತೇನಿ."

ರೇವಮ್ಮ ಡಬ್ಬಿಯ ಸಮೇತ ನಿಧಾನಕ್ಕೆ ತಿರುಗಿದಳು. "ಮುಂದ ಬಸ್ಸು ಹೋಗಂಗಿಲ್ಲೋ ಯಪ್ಪಾ."

"ಇದು ಬಸ್ಸಲ್ಲ."

"ಮತ್ತ ನನ್ನ ಕಾರ್ಡ್ ಯಾಕ ನೋಡಿದ್ರಿ?"

ಡಬ್ಬಿ ಮತ್ತೆ ಒಳಗೆ ಬಂತು, ರೇವಮ್ಮ ಬಂದಳು. ಕಲ್ಲಿನಾಥ ಸ್ಟೇರಿಂಗನ್ನು ಎಡಕ್ಕೆ ಎಳೆದು ಮುಂದಿನ ಗಾಲಿಯನ್ನು ಡಾಂಬರಿನ ತುದಿಗೆ ತಂದ. ನಿಲ್ಲಿಸಿದ. ಗಿಡ್ಡ ಗೇರನ್ನು ಎರಡೂ ಕೈಯಿಂದ ಹಿಡಿದು ಪೂರ್ತಿ ಕೆಳಗೆ ಎಳೆದ. 'ಕಟ್' ಅಂತ ಕೆಳಗೆಲ್ಲೋ ಕಬ್ಬಿಣಕ್ಕೆ ಕಬ್ಬಿಣ ಕೂತಿತು.

ಆಮೇಲೆ ಏನೂ ಆಗಲಿಲ್ಲ.

ಎಂಜಿನ್ನು ಗುರುಗುಟ್ಟುತ್ತಿತ್ತು. ಕಲ್ಲಿನಾಥನ ಹಣೆಯ ವಿಭೂತಿ ಬೆವರಿಗೆ ಇಳಿಯತೊಡಗಿತು. ಬಲಗಾಲು ಬ್ರೇಕಿಗೆ ಅಂಟಿತ್ತು. ಸಂತೋಷಕುಮಾರ ಫೋನು ಹಿಡಿದ ಕೈ ಸೋತು ಇಳಿಸಿದ. "ಏನಾತ್ರಿ ಕಾಕಾ? ಗಾಡಿದಾಗ ಏನರೆ ಫಾಲ್ಟ್ ಅದ ಏನು? ಇದ್ರ ಮೊದಲೇ ಹೇಳ್ರಿ."

ಗುರುಬಾಯಿ ಗಂಡನ ಕಿವಿ ನೋಡಿದಳು. ಅದು ಹಿಂದಕ್ಕೆ ತಿರುಗಿ ಕಾಯುತ್ತಿತ್ತು. ಅವಳೂ ಒಂದು ಗಳಿಗೆ ಕಾದಳು. ಸುಮ್ಮನಿದ್ದರೆ ನಾಳೆಯಿಂದ ಅಂಗಳ ಖಾಲಿ. ಅವಳು ಅದನ್ನೇ ಬಯಸಿದ್ದಳಲ್ಲ? ಗೇಟಿನ ಮುಂದೆ ಫೋಟೋಕ್ಕೆ ನಿಂತ ಜೀಪನ್ನು ಮನಸ್ಸಿನಲ್ಲಿ ನೋಡಿದಳು. ಕಟ್ಟೆಯ ಮೇಲೆ ಕುಣಿಯುವ ಎರಡು ಕಾಲನ್ನೂ ನೋಡಿದಳು. ಆಮೇಲೆ ಬಳೆಯ ಕೈಯನ್ನು ಕಿಟಕಿಯ ಹೊರಗೆ ಹಾಕಿ ಜೀಪಿನ ತಗಡಿಗೆ ಎರಡು ಸಲ ಬಾರಿಸಿದಳು, ಧಡ್ ಧಡ್.

"ರೈಟ್! ರೈಟ್!"

ಬ್ರೇಕಿನಿಂದ ಕಾಲು ಎದ್ದಿತು. ಜೀಪು ಮೂತಿ ಬಗ್ಗಿಸಿ ಡಾಂಬರು ಬಿಟ್ಟು ಇಳಿಯಿತು.

ಇಳಿದದ್ದೇ ಕಲ್ಲಿನಾಥನಿಗೆ ಮೈಮೇಲೆ ದೇವರು ಬಂದ ಹಾಗಾಯಿತು. "ವಿಡಿಯೋದಾಗ ಜೋರ ಹೊಡೀತಾರ್ರಿ, ರೇಸ್ ಕೊಡ್ರಿ, ರೇಸ್ ಕೊಡ್ರಿ!" ಎಂದು ಪಕ್ಕದಿಂದ ಸಂತೋಷಕುಮಾರ ಕೂಗಿದ. ಕಲ್ಲಿನಾಥ ಕೊಟ್ಟ. ನಾಲ್ಕೂ ಗಾಲಿ ಒಮ್ಮೆಗೇ ತಿರುಗಿ, ನಾಲ್ಕೂ ಕಡೆಯಿಂದ ಎರಿ ಮಣ್ಣಿನ ಮುದ್ದೆ ಹಾರಿತು. ಅದರಲ್ಲೊಂದು ತೆರೆದ ಕಿಟಕಿಯಿಂದ ಒಳಗೆ ಬಂದು ಸಂತೋಷಕುಮಾರನ ಬಿಳಿ ಅಂಗಿಯ ಮೇಲೆ ಕೂತಿತು. ಐವತ್ತು ಹೆಜ್ಜೆ ಹೋಗುವಷ್ಟರಲ್ಲಿ ಗಾಲಿಗಳು ಮಣ್ಣು ಮೆತ್ತಿಕೊಂಡು ಕಡುಬಿನಂತೆ ಉಬ್ಬಿ, ಇದ್ದಲ್ಲೇ ಗಿರಗಿರ ತಿರುಗತೊಡಗಿದವು. ಪುಸ್ತಕದಲ್ಲಿ ಹಿಮಕ್ಕೆ ಒಂದು ಅಧ್ಯಾಯವಿತ್ತು. ಎರಿ ಮಣ್ಣಿಗೆ ಇರಲಿಲ್ಲ.

"ನಿಂದರಸೋ, ನಿಂದರಸೋ" ಎಂದು ರೇವಮ್ಮ ಹಿಂದಿನಿಂದ ಅವನ ಭುಜ ತಟ್ಟಿದಳು. "ಎರಿ ಮಣ್ಣಿನ ಮ್ಯಾಲ ಸಿಟ್ಟ ಮಾಡಿದ್ರ ನಡೀತದೇನೋ ಯಪ್ಪಾ? ಅದು ನಿನಗಿಂತ ಹಟಮಾರಿ."

ಅವಳು ಬರಿಗಾಲಲ್ಲಿ ಇಳಿದಳು. ದಾರಿಯ ನಡುವೆ ಹಿಮ್ಮಡಿ ಊರಿ ನೋಡಿ ತಲೆ ಅಲ್ಲಾಡಿಸಿದಳು. ಬದುವಿನ ಕಡೆ ನಾಲ್ಕು ಹೆಜ್ಜೆ ಹೋಗಿ ಅಲ್ಲಿಯೂ ಹಿಮ್ಮಡಿ ಊರಿದಳು. "ನಡು ಹಾದಿ ಬ್ಯಾಡ. ಇಲ್ಲಿ ಕರಕಿ ಹುಲ್ಲದ, ಕೆಳಗ ಗಟ್ಟಿ ಅದ. ಒಂದು ಗಾಲಿ ಇಲ್ಲಿಡು. ನಾ ನಡೀತೀನಿ, ನನ್ನ ಬೆನ್ನಿಂದ ಬಾ. ನಾ ನಿಂತರ ನಿಂದ್ರು."

ಕಲ್ಲಿನಾಥ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಮೆಲ್ಲಗೆ ಆಡಿಸಿ ಎಡಗಡೆಯ ಗಾಲಿಯನ್ನು ಕರಕಿಯ ಮೇಲೆ ತಂದ. ಮೊದಲ ಗೇರು ಹಾಕಿ ಕ್ಲಚ್ಚು ಬಿಟ್ಟ. ರೇಸು ಕೊಡಲೇ ಇಲ್ಲ. ಜೀಪು ತನ್ನಷ್ಟಕ್ಕೆ ತಾನೇ, ಮೊಣಕಾಲು ನೋವಿನ ಮುದುಕಿ ನಡೆದಷ್ಟೇ ನಿಧಾನವಾಗಿ, ಆದರೆ ಎಲ್ಲಿಯೂ ಜಾರದೆ ನಡೆಯಿತು. ಇಷ್ಟು ದಿನ ಅವನು ಗಾಣದೆತ್ತಿನ ಬಲವನ್ನು ವರ್ಣಿಸಿದ್ದ. ಎತ್ತಿನ ನಡಿಗೆಯ ಮಾತು ಆಡಿರಲಿಲ್ಲ. ಇಷ್ಟು ಮೆಲ್ಲಗೆ, ಎಂಜಿನ್ನು ಬಂದ್ ಆಗದೆ, ಒಂದು ಗಾಡಿ ನಡೆಯಬಲ್ಲದು ಎಂದು ಅವನಿಗೆ ಈಗಲೇ ಗೊತ್ತಾದದ್ದು.

ಬಲಗಾಲಿಗೆ ಮಾಡಲು ಏನೂ ಕೆಲಸವಿರಲಿಲ್ಲ. ಅದು ಪೆಡಲಿನ ಪಕ್ಕದಲ್ಲಿ, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ, ಸುಮ್ಮನೆ ಬಿದ್ದಿತ್ತು.

ಹಳ್ಳ ಬಂತು. ರೇವಮ್ಮ ಸೀರೆ ಎತ್ತಿ ಹಾಯ್ದಳು. ನೀರು ಅವಳ ಮೊಣಕಾಲಿಗೆ ನಿಂತಿತು. "ಒಂದು ಮೊಳ. ನಡೀತದ" ಎಂದು ಕಲ್ಲಿನಾಥ ತನಗೇ ಹೇಳಿಕೊಂಡ. ಜೀಪು ನೀರಿಗಿಳಿದು ಆಚೆ ಹತ್ತಿತು. ಗಾಲಿಯ ಮಣ್ಣಿನ ಕಡುಬೆಲ್ಲ ತೊಳೆದುಹೋಯಿತು. ಗುರುಬಾಯಿ ಕಿಟಕಿಯಿಂದ ಬಗ್ಗಿ ಹಳ್ಳ ನೋಡುತ್ತಿದ್ದಳು. ಅವಳ ಮುಖ ಅವನಿಗೆ ಕನ್ನಡಿಯಲ್ಲಿ ಕಂಡಿತು. ಎರಡು ಸೆಕೆಂಡಿಗಿಂತ ಹೆಚ್ಚು ನೋಡಿದ.

ಬೇವಿನ ಗಿಡಗಳ ಆಚೆ ಆರು ಮನೆಗಳಿದ್ದವು. ಹೊರಸು, ಕಟ್ಟಿದ ಕರು, ಒಣಹಾಕಿದ ಮೆಣಸಿನಕಾಯಿ. ಇಷ್ಟೇ. ಕಲ್ಲಿನಾಥ ಇಳಿದು ಸುತ್ತ ನೋಡಿದ. ಅಜೀಮ ಹೇಳಿದ್ದು ಖರೇ: ಮನೆಗೇ ಹೋಗುತ್ತಿದ್ದರು. ಆದರೆ ತಿರುಗಿ ನೋಡಿದರೆ ದೂರದಲ್ಲಿ ಕರಿ ದಾರದಂತೆ ಅವನ ರಸ್ತೆ. ಅದರ ಮೇಲೆ ಬೆಂಕಿಪೊಟ್ಟಣದಷ್ಟು ಬಸ್ಸು. ಹಾರ್ನು ಇಲ್ಲಿಯವರೆಗೆ ಕೇಳಿತು.

"ನಿನ್ನ ಬಸ್ಸಿನ ಹಾರ್ನ್ ಕೇಳೇ ಒಲಿ ಹಚ್ಚತಿದ್ವಿ" ಅಂದಳು ರೇವಮ್ಮ, ಚಹಾ ತಂದು. ಕಲ್ಲಿನಾಥನ ಎದೆ ಉಬ್ಬಿತು. ಆರು ಮನೆಯ ಒಲೆಗೆ ತಾನೇ ಗಡಿಯಾರ! ಪದಕದಲ್ಲಿ ಇದನ್ನು ಬರೆಯಬೇಕಿತ್ತು. ಅವನು ಗುರುಬಾಯಿಯ ಕಡೆ, ಕೇಳಿಸಿತೇ ಎಂಬಂತೆ ನೋಡಿದ.

"ಖರೇ ಅಂದ್ರ ನೀ ದಿನಾ ಐದು ಮಿನಿಟ ಲೇಟ್" ಅಂದಳು ರೇವಮ್ಮ.

ಸಂತೋಷಕುಮಾರ ಅಂಗಿಯ ಮೇಲಿನ ಮಣ್ಣು ಒಣಗುವುದನ್ನೇ ಕಾಯುತ್ತಿದ್ದವನು ಎದ್ದ. "ಕಾಕಾ, ಮಾತೇ ಇಲ್ಲ. ಗಾಡಿ ನಂದು. ಸೋಮವಾರ ಬರ್ತೀನಿ. ತೊಳದ ಇಡ್ರಿ."

ಕಲ್ಲಿನಾಥ ಬಾಯಿ ತೆರೆದ. ಉತ್ತರ ಹಿಂದಿನಿಂದ ಬಂತು.

"ಗಾಡಿ ಮಾರೋದಿಲ್ರಿ" ಅಂದಳು ಗುರುಬಾಯಿ.

"ನೀವ ಫೋನ್ ಮಾಡಿ ಕರ್ಸಿದ್ರಲ್ರಿ ಕಾಕು!"

"ಕರ್ಸಿದ್ದೆ ಖರೇ. ಡಾಂಬರ ಬಿಟ್ಟು ಇಳೀದಿದ್ರ ಮಾರೋದು ಅಂತ ಮಾತಿತ್ತು. ಇಳೀತಲ್ರಿ. ನೀವ ಕಣ್ಣಾರೆ ನೋಡೀರಿ, ನಿಮ್ಮ ಫೋನಿನಾಗೂ ಅದ." ಅವಳು ಕಪ್ಪು ಕೆಳಗಿಟ್ಟು, ಯಾರನ್ನೂ ಕೇಳದೆ ಜೀಪಿನ ಮುಂದಿನ ಸೀಟಿನಲ್ಲಿ ಹೋಗಿ ಕೂತಳು.

ಮತ್ತೆ ಕರಕಿ, ಮತ್ತೆ ಹಳ್ಳ, ಮತ್ತೆ ಡಾಂಬರು. ರಸ್ತೆಗೆ ಏರಿದ ಮೇಲೆ ಕಲ್ಲಿನಾಥ ಗಿಡ್ಡ ಗೇರನ್ನು ಮೇಲೆತ್ತಿದ. ಅದು ಏಳಲಿಲ್ಲ. ಎರಡು ಕೈ ಹಾಕಿದ, ಸೀಟಿನಿಂದ ಎದ್ದು ಎಳೆದ. ಎರಡೂವರೆ ತಿಂಗಳು ಮುಟ್ಟದೆ ಇಟ್ಟದ್ದಕ್ಕೆ ಅದೂ ಮುನಿಸಿಕೊಂಡಿತ್ತು.

"ಒಂದು ಗಜ ರಿವರ್ಸ್ ತಗೋರಿ, ಬಿಡ್ತದ" ಅಂದ ಹಿಂದಿನ ಸೀಟಿನಿಂದ ಸಂತೋಷಕುಮಾರ. "ಡಾಂಬರ ಮ್ಯಾಲ ಫೋರ್ ಲೋದಾಗ ಓಡಿಸಬಾರದ್ರಿ, ಗೇರ್ ಹಾಳಾಗ್ತದ."

"ಮೂವತ್ತೊಂದು ವರ್ಷದಾಗ ಡಾಂಬರ ಮ್ಯಾಲ ನಾ ಒಂದು ಗಜ ರಿವರ್ಸ್ ತಗೊಂಡಿಲ್ಲ" ಅಂದ ಕಲ್ಲಿನಾಥ. ಅದು ನಿಯಮ. ರಿವರ್ಸ್ ತೆಗೆಯಬೇಕಾದರೆ ಹಿಂದೆ ಕಂಡಕ್ಟರ್ ನಿಂತಿರಬೇಕು.

ಹಾಗಾಗಿ ಜೀಪು ಹಾಡುಹಗಲಲ್ಲಿ, ನುಣ್ಣನೆಯ ರಸ್ತೆಯ ಮೇಲೆ, ಕಿರುಗುಟ್ಟುತ್ತ, ಮುದುಕಿಯ ನಡಿಗೆಯಲ್ಲಿ ಅಫಜಲಪುರದ ಕಡೆ ಹೊರಟಿತು. ಸೈಕಲ್ಲಿನವನೊಬ್ಬ ದಾಟಿಹೋದ. ಮೇಯಲು ಹೊರಟ ಆಡುಗಳು ಜೊತೆಗೆ ನಡೆದವು. ಹಿಂದಿನಿಂದ ಪರಿಚಿತ ಹಾರ್ನು ಕೇಳಿತು. ಆಳಂದದಿಂದ ವಾಪಸಾಗುತ್ತಿದ್ದ ಅವನದೇ ಬಸ್ಸು. ಬಾಗಿಲಲ್ಲಿ ನಿಂತ ಅಜೀಮ ಬಗ್ಗಿ ನೋಡಿ, ಗುರುತು ಹಿಡಿದು ಕೂಗಿದ: "ಕಾಕಾ, ಲೇಟ್ ಆಗೇದ್ರಿ! ದೌಡ ಬರ್ರಿ!" ಬಸ್ಸು ಹೊಗೆ ಬಿಟ್ಟು ಹೋಯಿತು. ಕಲ್ಲಿನಾಥನ ಕಣ್ಣು ಕೈಗಡಿಯಾರಕ್ಕೆ ಹೋಯಿತು. ಬಲಗಾಲು ಮೆಲ್ಲಗೆ ಕುಣಿಯಲು ಶುರುಮಾಡಿತು.

"ಏನ್ರೀ" ಅಂದಳು ಗುರುಬಾಯಿ. ಅವಳು ಎಡಗಡೆ ನೋಡುತ್ತಿದ್ದಳು. ಎಂಟನೆಯ ಸ್ಟಾಪಿನ ಪಕ್ಕದಿಂದ ಇನ್ನೊಂದು ಬಂಡಿ ದಾರಿ ಜೋಳದ ಹೊಲದೊಳಗೆ ಹೋಗಿ ಮರೆಯಾಗಿತ್ತು. "ಅದು ಎಲ್ಲಿಗಿ ಹೋಗ್ತದ?"

"ಯಾರಿಗ್ಗೊತ್ತು. ದಿನಾ ಮೂರು ಮಂದಿ ಇಳೀತಿದ್ರು ಇಲ್ಲಿ."

"ಸಣ್ಣ ಗೇರು ಹೆಂಗೂ ಹಾಕೇ ಅದಲ್ರಿ."

ಕಲ್ಲಿನಾಥ ಗಾಡಿ ನಿಲ್ಲಿಸಿದ. ಹಿಂದಿನ ಸೀಟಿನಿಂದ ಸಂತೋಷಕುಮಾರ ಎದ್ದು ನಿಂತ. "ಇಲ್ರಿ, ಬ್ಯಾಡ್ರಿ ಕಾಕು! ನನ್ನ ಕಾರ್ ಅಫಜಲಪುರದಾಗ ಅದರಿ! ಮಧ್ಯಾಹ್ನ ಜೇವರ್ಗಿದಾಗ ನಂದು..."

ಅವನ ಮಾತು ಮುಗಿಯಲಿಲ್ಲ. ತಗಡಿನ ಮೇಲೆ ಧಡ್ ಧಡ್ ಎಂದು ಎರಡು ಪೆಟ್ಟು ಬಿದ್ದವು.